ಹಾಸು ಕತ್ತರಿಸಿ ಕುಳಿತವರು

“ಗುರುಗಳೇ, ಅಕ್ಕನ ಎದೆಯ ಕ್ಯಾನ್ಸರ್ ಗಡ್ಡೆ ಮದ್ದಿಗೆ ಪೂರ್ತಿ ಸಾಯಲಿಲ್ಲ. ಉಳಿದ ಜೀವಕೋಶಗಳು ಮುದಿಯಾಗಿವೆ, ಬೆಳೆಯುವುದನ್ನು ಬಿಟ್ಟು ಕುಳಿತಿವೆ ಎಂದರು ವೈದ್ಯರು. ಎರಡು ವರ್ಷ ಅದನ್ನೇ ಗುಣವೆಂದು ನಂಬಿದೆವು. ಈಗ ಮತ್ತೆ ಬೆಳೆಯುತ್ತಿದೆ. ಕುಳಿತದ್ದು ಏಕೆ ಎದ್ದಿತು?”

ಕೇಳಿದವಳು ವಸುಮತಿ, ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯೆ. ಸಂಜೆ ಅಕ್ಕನ ಮಂಚದ ಬಳಿಗೆ ಹೋಗಿ ಏನಾದರೂ ಹೇಳಲೇಬೇಕಿತ್ತು. ಹೇಳಲು ಅವಳಲ್ಲಿ ಏನೂ ಉಳಿದಿರಲಿಲ್ಲ.

ಗುರುಗಳು ಕತೆ ಹೇಳಿದರು.

ಒಂದು ನೇಕಾರರ ಕೇರಿ. ಅಲ್ಲಿ ಪ್ರತಿ ನೇಕಾರನೂ ತನ್ನ ಪಕ್ಕದಲ್ಲಿ ಹೊಸ ಮಗ್ಗ ಹೂಡಿಸಿ, ಇನ್ನೊಬ್ಬನಿಗೆ ತನ್ನ ಕೈಯನ್ನೇ ಕಲಿಸುತ್ತಿದ್ದ. ಕೈ ತಪ್ಪಲು ತೊಡಗಿದವನಿಗೆ ಒಂದು ಕಟ್ಟಳೆಯಿತ್ತು. ಅವನು ತಾನೇ ತನ್ನ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನ ನೂಲನ್ನು ಕತ್ತರಿಸಿ ಜಗಲಿಯ ಮೇಲೆ ಕೂರಬೇಕು. ಮತ್ತೆ ನೇಯಬಾರದು, ಯಾರಿಗೂ ಕಲಿಸಬಾರದು. ಕಾವಲುಗಾರರು ಬಂದು ಅವನನ್ನು ಕೈಹಿಡಿದು ಊರಾಚೆಗೆ ಕರೆದೊಯ್ಯುತ್ತಿದ್ದರು. ಹೀಗೆ ತಪ್ಪು ಒಬ್ಬನಲ್ಲೇ ಮುಗಿಯುತ್ತಿತ್ತು.

ಕೇರಿಗೆ ವಯಸ್ಸಾಯಿತು. ಕಾವಲುಗಾರರಿಗೂ ವಯಸ್ಸಾಯಿತು. ಕುಳಿತವರು ಜಗಲಿಯಲ್ಲೇ ಉಳಿದರು. ಕೈಗೆ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ. “ಎಳೆ ಬಿಗಿ ಮಾಡೋ! ಕಣ್ಣನ್ನು ಹಿತ್ತಲಲ್ಲಿ ಇಟ್ಟು ಬಂದೆಯಾ?” ಎಂದು ದಿನವಿಡೀ ಕೂಗುವರು. ಆ ಕೂಗಿಗೆ ನೆಟ್ಟಗಿದ್ದ ಕೈಗಳೂ ನಡುಗಿದವು.

ಕೊನೆಗೊಬ್ಬ ಕೈ ತಪ್ಪಿದರೂ ಹಾಸು ಕತ್ತರಿಸಲಿಲ್ಲ. ಹಗಲಿರುಳೂ ನೇಯ್ದ. ಅಂಚಿಲ್ಲ, ಸೆರಗಿಲ್ಲ, ಮುಗಿಯದ ಬಟ್ಟೆ. ಅವನು ಕಲಿಸಿದವರೂ ಹಾಗೆಯೇ ನೇಯ್ದರು. ಕೇರಿಯ ನೂಲೆಲ್ಲ ಅವರ ಮಗ್ಗಗಳಿಗೇ ಹೋಯಿತು.

ಕೇರಿಯ ಯಜಮಾನ ದೊಣ್ಣೆಯವರನ್ನು ಕರೆಸಿದ. ಅವರು ಕಂಡ ಮಗ್ಗಗಳನ್ನೆಲ್ಲ ಮುರಿದರು. ಹಲವರು ಪೆಟ್ಟಿಗೆ ಸತ್ತರು. ಉಳಿದ ಕೆಟ್ಟ ನೇಕಾರರು ಹೆದರಿ, ತಾವೂ ಹಾಸು ಕತ್ತರಿಸಿ ಜಗಲಿಗೆ ಬಂದರು. ತಪ್ಪು ಮಾಡದ ಎಷ್ಟೋ ನೇಕಾರರೂ ಅದೇ ಹೆದರಿಕೆಯಿಂದ ಬಂದು ಕುಳಿತರು.

ಕೇರಿಯ ಸುಖದುಃಖವನ್ನು ಲಾಳಿಯ ಸದ್ದಿನಿಂದ ಅಳೆಯುವುದು ಅಲ್ಲಿನ ರೂಢಿ. ಯಜಮಾನ ಕಿವಿಗೊಟ್ಟ. ಆ ಕೆಟ್ಟ ಮಗ್ಗಗಳ ಸದ್ದಿಲ್ಲ. “ಪೀಡೆ ತೊಲಗಿತು” ಎಂದು ಡಂಗುರ ಹೊಡೆಸಿದ.

ಅವನ ಹೆಂಡತಿ ಕೇಳಿದಳು: “ಮಗ್ಗ ಸುಮ್ಮನಾಯಿತು, ಸರಿ. ಆಸಾಮಿ ಅಲ್ಲೇ ಕೂತಿದ್ದಾನಲ್ಲ?”

“ನೇಕಾರ ಒಮ್ಮೆ ಕುಳಿತ ಮೇಲೆ ಇದ್ದರೇನು, ಹೋದರೇನು? ನಿನಗೆ ಎಲ್ಲದರಲ್ಲೂ ಕೊಂಕು.”

ಈಗ ಜಗಲಿಗಳು ತುಂಬಿದ್ದವು. ಕೂಗು ಇಮ್ಮಡಿಯಾಗಿತ್ತು. ಎರಡು ವರ್ಷದ ಬಳಿಕ, ಹೆದರಿ ಕುಳಿತಿದ್ದ ಕೆಟ್ಟ ನೇಕಾರರಲ್ಲಿ ಒಬ್ಬ ಆ ಕೂಗಿಗೇ ಕೆರಳಿ ಎದ್ದು ಮತ್ತೆ ಹಾಸು ಹೂಡಿದ. ಯಜಮಾನ ದೊಣ್ಣೆಯವರನ್ನು ಕಳುಹಿಸಿದ. ಅವನಿಗೆ ಪೆಟ್ಟಿನ ಪರಿಚಯವಿತ್ತು. ಈ ಸಲ ಅವನು ಹೆದರಲಿಲ್ಲ. ನೂಲೆಲ್ಲ ಮತ್ತೆ ಅವನ ಮಗ್ಗಕ್ಕೇ ಹೋಗಿ, ಕೇರಿ ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ವಸುಮತಿಗೆ ಸಿಟ್ಟು ಬಂತು.

“ಹಾಗಾದರೆ ಕೂರಿಸುವ ಆ ಕಟ್ಟಳೆಯೇ ಕೇರಿಯನ್ನು ಕೊಂದಿತು. ಅಂಥದ್ದನ್ನು ನಮ್ಮ ಮೈಯೊಳಗೆ ಇಟ್ಟವರು ಯಾರು, ಗುರುಗಳೇ? ಅದು ಇರದಿದ್ದರೆ ಅಕ್ಕನಿಗೆ ಈ ಗತಿ ಬರುತ್ತಿರಲಿಲ್ಲ.”

“ಮೈಯ ತಪ್ಪನ್ನು ಇಷ್ಟು ವರ್ಷ ಒಂದೊಂದು ಜೀವಕೋಶದಲ್ಲೇ ಮುಗಿಸಿದ್ದು ಆ ಕಟ್ಟಳೆ; ಕುಳಿತವರನ್ನು ಊರಾಚೆಗೆ ಒಯ್ಯದೆ ಬಿಟ್ಟದ್ದೇ ಕೇಡು. ಅದು ಇರದಿದ್ದರೆ, ಮಗಳೇ, ನಿನ್ನ ಅಕ್ಕ ತೊಟ್ಟಿಲನ್ನೇ ದಾಟುತ್ತಿರಲಿಲ್ಲ.”