ಎರಡು ಕೂಗಿನ ದೊಡ್ಡಿ

"ಗುರುಗಳೇ, ಒಬ್ಬರಿಗೆ ಕೊಟ್ಟ ಮನಸ್ಸನ್ನು ಇನ್ನೊಬ್ಬರಿಗೆ ಕೊಡಬಹುದೇ?" ಎಂದು ಶಿಷ್ಯ ಕೇಳಿದ.

ಅದು ಶಾಸ್ತ್ರದ ಸಂದೇಹವೇನೂ ಆಗಿರಲಿಲ್ಲ. ಅವನ ಅಕ್ಕ ಗಂಡನನ್ನು ಕಳೆದುಕೊಂಡು ಮಗುವಿನೊಂದಿಗೆ ತವರಿಗೆ ಬಂದಿದ್ದಳು. ಅವಳಿಗೆ ನೋವಾದೀತೆಂದು ಮನೆಯಲ್ಲಿ ಯಾರೂ ಆ ಗಂಡನ ಹೆಸರೆತ್ತುತ್ತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದ ಒಬ್ಬ ಸಜ್ಜನ ಅವಳನ್ನು ಮದುವೆಯಾಗುತ್ತೇನೆಂದು ಕೇಳಿದ್ದ, ಅವಳೂ ಒಪ್ಪಿದ್ದಳು. ಅಡ್ಡ ನಿಂತವನು ಈ ತಮ್ಮನೊಬ್ಬನೇ. ಅಕ್ಕ ಇನ್ನೊಬ್ಬನ ಮನೆ ಸೇರಿದರೆ ಸತ್ತ ಭಾವನನ್ನು ನೆನೆಯುವವರು ಯಾರು ಎಂಬುದು ಅವನ ವಾದ. ಗುರುಗಳು ಬೇಡವೆಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆಂದು ನಂಬಿಕೊಂಡು ಬಂದಿದ್ದ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕತೆ ಹೇಳತೊಡಗಿದರು.

ಹುಲ್ಲುಗಾವಲಿನ ಸೀಮೆಯಲ್ಲಿ ಒಬ್ಬ ಗೋವಳನಿದ್ದ. ದನವೇ ಅವನ ಬದುಕು, ದನವೇ ಅವನ ಜಂಬ. ಆ ಸೀಮೆಯವರು ಹಗಲೆಲ್ಲ ದನಗಳನ್ನು ಹುಲ್ಲಿಗೆ ಬಿಟ್ಟು, ಹೊತ್ತು ಮುಳುಗುವ ಮುಂಚೆ ದೊಡ್ಡಿಯ ಬಾಗಿಲಲ್ಲಿ ನಿಂತು ಕೂಗಿ ಕರೆಯುತ್ತಾರೆ. ಒಂದೊಂದು ದೊಡ್ಡಿಗೆ ಒಂದೊಂದು ಕೂಗು. ತನ್ನ ದೊಡ್ಡಿಯ ಕೂಗು ಕೇಳಿದರೆ ದನ ಬಾಯಲ್ಲಿದ್ದ ಹುಲ್ಲನ್ನೂ ಬಿಟ್ಟು ಬರುತ್ತದೆ. ಬೇರೆ ಕೂಗಿಗೆ ಕಿವಿಯನ್ನೂ ಆಡಿಸುವುದಿಲ್ಲ. ಪಾಠಕ್ಕೆ ಕರೆದರೆ ಕೇಳಿಸದ ನಿನಗೆ ಊಟದ ಗಂಟೆ ಮಾತ್ರ ಕೇಳಿಸುತ್ತದಲ್ಲ, ಹಾಗೆ.

ಗೋವಳನ ದೊಡ್ಡಿಯ ಕೂಗು ಅವನ ಹೆಂಡತಿಯದು. ಎತ್ತರದಲ್ಲಿ ಶುರುವಾಗಿ ನಿಧಾನವಾಗಿ ಇಳಿಯುವ ಕೂಗು. ಅವಳು ಜ್ವರದಲ್ಲಿ ತೀರಿಕೊಂಡ ಮೇಲೆ ಅದು ಮಗಳ ಬಾಯಿಗೆ ಬಂತು. ಆ ಪುಟ್ಟ ಹುಡುಗಿ ಬಾಗಿಲಲ್ಲಿ ನಿಂತು ಕೂಗುವಾಗ ಗೋವಳ ಮುಖ ಆಚೆ ತಿರುಗಿಸಿ ಹಗ್ಗ ಹೊಸೆಯುತ್ತಿದ್ದ. ಅವನ ಕಣ್ಣು ತುಂಬುತ್ತಿದ್ದದ್ದು ದುಃಖಕ್ಕೆ ಮಾತ್ರವಲ್ಲ, ಹೆಮ್ಮೆಗೂ ಹೌದು.

ಹಳ್ಳದ ಆಚೆ ಒಬ್ಬ ಹೆಂಗಸಿದ್ದಳು. ಗೂಳಿಯ ತಿವಿತಕ್ಕೆ ಸಿಕ್ಕಿ ಅವಳ ಗಂಡ ಸತ್ತಿದ್ದ. ಎಳೆಯ ಮಗನನ್ನು ಕಟ್ಟಿಕೊಂಡು, ಗಂಡ ಬಿಟ್ಟುಹೋದ ದನಗಳಲ್ಲಿ ಒಂದನ್ನೂ ಕಳೆಯದೆ ಸಾಕಿದ್ದಳು. ಬೇಸಗೆಯಲ್ಲಿ ಇಬ್ಬರ ದನಕ್ಕೂ ಒಂದೇ ಮಡುವಿನ ನೀರು. ಅಲ್ಲಿ ಮೊದಲು ಮಕ್ಕಳು ಮಾತಾಡಿದರು, ಆಮೇಲೆ ದೊಡ್ಡವರು. ಇವನ ಕರು ಕೆಸರಲ್ಲಿ ಹೂತಾಗ ಅವಳು ಸೊಂಟಮಟ್ಟ ಇಳಿದು ಎಳೆದಳು. ಹೀಗೆ ಪ್ರೀತಿ ಹುಟ್ಟಿತು, ಅದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಹಿರಿಯರ ಮುಂದೆ ಗೋವಳ ತಾಳಿ ಕಟ್ಟಿದ. ಅವಳು ಮಗನ ಕೈ ಹಿಡಿದು, ದನಗಳನ್ನು ಹೊಡೆದುಕೊಂಡು ಇವನ ದೊಡ್ಡಿಗೆ ಬಂದಳು.

ಮೊದಲ ಸಂಜೆಯೇ ಎಡವಟ್ಟಾಯಿತು. ಮಗಳು ಕೂಗಿದಳು, ಗೋವಳನ ದನಗಳು ಬಂದವು. ಆಮೇಲೆ ಹೊಸ ಹೆಂಡತಿ ಬಾಗಿಲಿಗೆ ಬಂದು, ನಾಲಿಗೆ ಲೊಚಗುಟ್ಟಿ, ಗಡಸು ದನಿಯಲ್ಲಿ ಬೇರೆಯೇ ಒಂದು ಕೂಗು ಕೂಗಿದಳು. ಅವಳ ದನಗಳು ಬಂದವು. ಅದು ಅವಳ ಸತ್ತ ಗಂಡನ ಕೂಗು. ತನ್ನ ಬಾಗಿಲಲ್ಲಿ ಇನ್ನೊಬ್ಬ ಗಂಡಸು ಬಂದು ನಿಂತ ಹಾಗಾಯಿತು ಗೋವಳನಿಗೆ. ತನ್ನ ಮಗಳ ಬಾಯಲ್ಲಿ ಅವಳ ತಾಯಿಯ ಕೂಗು ಇರುವುದು ಅವನಿಗೆ ತಪ್ಪೆನಿಸಿರಲಿಲ್ಲ. ನಮ್ಮ ನ್ಯಾಯವೇ ಹಾಗಲ್ಲವೇ, ನಮ್ಮ ಮನೆಯಲ್ಲಿ ಸತ್ತವರು ದೇವರು, ಬೇರೆಯವರ ಮನೆಯಲ್ಲಿ ಸತ್ತವರು ದೆವ್ವ.

ಮರುದಿನ ಅವನು ಹೆಂಡತಿಯನ್ನು ಕರೆದು, ಒಂದು ದೊಡ್ಡಿಗೆ ಒಂದೇ ಕೂಗು ಸಾಕು, ನಿನ್ನ ದನಗಳೂ ನಮ್ಮ ಕೂಗಿಗೆ ಹೊಂದಿಕೊಳ್ಳಲಿ ಎಂದ. ಅವಳು ಜಗಳವಾಡಲಿಲ್ಲ. ಆ ಸಂಜೆ ಬಾಗಿಲಿಗೆ ಬರಲೂ ಇಲ್ಲ.

ಮಗಳು ಕೂಗಿದಳು, ಇವನ ದನಗಳು ಬಂದವು. ಅವಳ ದನಗಳು ದಿಬ್ಬದ ಮೇಲೆ ಮೇಯುತ್ತಲೇ ಇದ್ದವು. ಹೊತ್ತು ಇಳಿಯುತ್ತಿತ್ತು. ದಿಬ್ಬದ ಹಿಂದಿನ ಕುರುಚಲಿನಲ್ಲಿ ತೋಳಗಳಿದ್ದವು, ಹೊರಗುಳಿದ ಕರು ಬೆಳಗಿಗೆ ಸಿಗುವ ಸೀಮೆ ಅದಲ್ಲ. ಗೋವಳ ತಾನೇ ಓಡಿಹೋಗಿ ಹೊಡೆದು ತರಲು ನೋಡಿದ. ಅವು ಅವನಿಗೆ ಕೊಂಬು ತೋರಿಸಿ ಚದುರಿದವು. ಬೆವರು ಒರೆಸಿಕೊಳ್ಳುತ್ತ ವಾಪಸು ಬಂದು, ಹೆಂಡತಿಗೆ ಹೋಗಿ ಕೂಗು ಎಂದ.

"ಕೂಗಿದ್ರೆ ದನ ಬರ್ತಾವೆ, ಅವುಗಳ ಜೊತೆ ಅವನೂ ಬರ್ತಾನೆ," ಎಂದಳು ಅವಳು. "ಅವನನ್ನ ನೀನು ಬಾಗಿಲಲ್ಲೇ ತಡೀತೀನಿ ಅಂದ್ರೆ, ಈ ಮಗ ನಾಳೆ ತನ್ನನ್ನ ಯಾರ ಮಗ ಅಂತ ಹೇಳ್ಕೋಬೇಕು? ಹಂಗಿದ್ರೆ ಈಗಲೇ ಹೇಳಿಬಿಡು. ನಾವಿಬ್ಬರೂ ದನದ ಹಿಂದೇನೇ ನಮ್ಮ ಹಳೇ ದೊಡ್ಡಿಗೆ ಹೋಗ್ತೀವಿ."

ಗೋವಳ ಸೋತು ರೂಢಿಯಿದ್ದವನಲ್ಲ. ಆದರೆ ಅವಳು ಹೋದರೆ ತನ್ನ ಮನೆ ಮತ್ತೆ ಹೇಗಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ಅವಳ ಮಗನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ನಿಮ್ಮಪ್ಪನ ಕೂಗು ನಂಗೂ ಕಲಿಸು, ಮಗಾ," ಎಂದ.

ಹುಡುಗ ತಾಯಿಯ ಮುಖ ನೋಡಿ, ಲೊಚಗುಟ್ಟಿ ತೋರಿಸಿದ. ಗೋವಳನಿಗೆ ನಾಲಿಗೆ ಹೊರಳಲಿಲ್ಲ. ಹುಡುಗನಿಗೆ ನಗು ಬಂತು, ಮತ್ತೆ ತೋರಿಸಿದ. ಕೊನೆಗೆ ಗೋವಳ ಬಾಗಿಲಿಗೆ ಹೋಗಿ ಎದೆ ಸೆಟೆದು ನಿಂತು, ತಾನು ಎಂದೂ ಕಾಣದ ಆ ಗಂಡಸಿನ ಕೂಗನ್ನು ಬಾಯಿ ತುಂಬ ಕೂಗಿದ. ದಿಬ್ಬದ ಮೇಲೆ ಒಂದು ಹಸು ತಲೆಯೆತ್ತಿತು. ಅದರ ಹಿಂದೆ ಉಳಿದವೆಲ್ಲ ಇಳಿದು ಬಂದವು. ಕೊನೆಯ ಕರು ಒಳಗೆ ಸೇರುವವರೆಗೂ ಅವಳು ಬಾಗಿಲು ಹಿಡಿದು ನಿಂತು ಅಳುತ್ತಿದ್ದಳು. ಮರುದಿನ ಅವಳು ಗೋವಳನ ಮಗಳ ಪಕ್ಕ ಕೂತು ಆ ಹುಡುಗಿಯ ತಾಯಿಯ ಕೂಗನ್ನು ಕಲಿತಳು.

ಒಂದು ದೊಡ್ಡಿಗೆ ಎರಡು ಕೂಗೇ ಎಂದು ಅಕ್ಕಪಕ್ಕದವರು ಆಡಿಕೊಂಡರು. ಗೋವಳ ತಲೆ ತಗ್ಗಿಸಲಿಲ್ಲ. ಇರುವವರು ಇಬ್ಬರು, ಹೋದವರು ಇಬ್ಬರು, ನಾಲ್ವರು ಸೇರಿ ದನ ಕರೆಯುವ ದೊಡ್ಡಿ ಈ ಸೀಮೆಯಲ್ಲಿ ನನ್ನದೊಂದೇ ಎಂದು ಸಂತೆಯಲ್ಲಿ ನಿಂತು ಹೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಅಷ್ಟಕ್ಕೆ ಬಿಡಲಿಲ್ಲ. ಅದು ದನ ಕಾಯುವವರ ಮಾತಾಯಿತು, ಅಕ್ಕ ಹೋದ ಮೇಲೆ ನಮ್ಮ ಭಾವನನ್ನು ನೆನೆಯುವವರು ಯಾರು ಎಂದು ಮತ್ತೆ ಕೇಳಿದ.

"ಈಗ ನಿಮ್ಮ ಮನೆಯಲ್ಲಿ ಅವಳ ಮುಂದೆ ಅವನ ಹೆಸರೆತ್ತುವವರು ಯಾರು?" ಎಂದರು ಗುರುಗಳು.