ಎರಡನೆಯವನು ಕಂಡ ಬೆನ್ನು

"ಗುರುಗಳೇ, ತರ್ಕ, ವ್ಯಾಕರಣ, ಸಂಗೀತ, ಮೂರರಲ್ಲೂ ಈ ಮಠದಲ್ಲಿ ನನ್ನನ್ನು ಹಿಂದಿಕ್ಕಿದವರಿಲ್ಲ. ಆದರೂ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಯಾರೂ ಬಂದು ಕೂರುವುದಿಲ್ಲ. ಯಾಕೆ?" ಎಂದು ಮುರಿಗೆಪ್ಪ ಕೇಳಿದ.

ಗುರುಗಳು ನಕ್ಕು, ಕೂರು ಎಂದು ಕತೆ ಶುರುಮಾಡಿದರು.

ಒಲಿಂಪಿಕ್ ಕೂಟಗಳು ಶುರುವಾದ ಹೊಸತು. ಪರದೇಶದ ಒಬ್ಬ ಆಟಗಾರ ಅಲ್ಲಿಗೆ ಹೋದ. ಒಬ್ಬನಿಗೆ ಒಂದೇ ಆಟ ಎಂಬ ಕಟ್ಟುಪಾಡು ಆಗ ಇರಲಿಲ್ಲ. ಮೈಯಲ್ಲಿ ಕಸುವಿದ್ದವನು ಎಷ್ಟಕ್ಕಾದರೂ ಇಳಿಯಬಹುದಿತ್ತು. ಇವನು ಓಡಿದ, ಗೆದ್ದ. ಸೈಕಲ್ ತುಳಿದ, ಗೆದ್ದ. ಈಜುಕೊಳ ಎಲ್ಲಿಯದು, ಚಳಿ ಕೊರೆಯುವ ಸಮುದ್ರಕ್ಕೇ ಧುಮುಕಬೇಕು; ಅದರಲ್ಲೂ ಮೊದಲು ದಡ ಮುಟ್ಟಿದವನು ಇವನೇ. ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ಯಾಕೆ ನೋಡಬೇಕು ಹೇಳು, ಗೆಲ್ಲುವವನಿಗೆ ಹಿಂದೆ ಏನು ಕೆಲಸ?

ಊರು ಅವನನ್ನು ಹೊತ್ತು ಮೆರೆಸಿತು. ಆಮೇಲೆ ಇಳಿಸಿತು. ವರ್ಷಗಳು ಉರುಳಿದವು, ಕಣ್ಣಾರೆ ಕಂಡವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡರು. ಮುದುಕ ತನ್ನ ಗೆಲುವಿನ ಮಾತೆತ್ತಿದರೆ, ಒಬ್ಬನೇ ಮೂರು ಆಟ ಗೆಲ್ಲುವುದುಂಟೇ, ಅಜ್ಜ ಬುರುಡೆ ಬಿಡುತ್ತಾನೆ ಎಂದು ಹೊಸಬರು ನಗುತ್ತಿದ್ದರು. ಪದಕ ತೋರಿಸಿದರೆ, ಯಾವ ಸಂತೆಯಲ್ಲಿ ಸಿಕ್ಕಿತು ಎಂದು ಕೇಳುತ್ತಿದ್ದರು. ಹೌದು, ನಾನು ಕಂಡಿದ್ದೇನೆ ಎನ್ನುವ ಒಬ್ಬನೇ ಒಬ್ಬ ಮನುಷ್ಯ ಸಿಕ್ಕರೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಎಂದು ಮುದುಕ ಅಂದುಕೊಂಡ.

ಮೂರರಲ್ಲೂ ಎರಡನೆಯವನಾಗಿ ಬಂದವನು ಅದೇ ನಾಡಿನವನು, ಇನ್ನೂ ಬದುಕಿದ್ದಾನೆ, ಹೊಳೆಯಾಚೆ ಚಾಪೆ ಹೆಣೆದುಕೊಂಡಿದ್ದಾನೆ ಎಂದು ಯಾರೋ ಹೇಳಿದರು. ಮುದುಕ ಕೋಲೂರಿಕೊಂಡು ದೋಣಿ ಹತ್ತಿ ಹೋದ. ಚಾಪೆಯವನು ತಲೆಯೆತ್ತಿ ಅವನ ಮುಖವನ್ನೇ ಬಹಳ ಹೊತ್ತು ನೋಡಿದ. ಗುರುತು ಹತ್ತಲಿಲ್ಲ, ಈ ಮುಖ ಎಂದೂ ಕಂಡಿಲ್ಲ ಎಂದುಬಿಟ್ಟ. ಇದ್ದ ಒಂದು ಆಸೆಯೂ ಹೋಯಿತಲ್ಲ ಎಂದು ಮುದುಕ ತಿರುಗಿ ಹೊರಟ.

"ನಿಲ್ಲಪ್ಪ," ಎಂದ ಚಾಪೆಯವನು. "ಈ ಬೆನ್ನು ನನಗೆ ಗೊತ್ತು. ಎಡಭುಜ ಹೀಗೇ ತಗ್ಗಿರುತ್ತಿತ್ತು. ಆ ಮೂರು ಆಟಗಳಲ್ಲೂ ನಾನು ನೋಡಿದ್ದು ಇದೊಂದನ್ನೇ."

ಮುದುಕ ಅಲ್ಲೇ ಕುಸಿದು ಕೂತು ಅತ್ತ. ಅತ್ತು ಮುಗಿದ ಮೇಲೆ, ನಾಚಿಕೆಯಿಂದ, ನಿನ್ನ ಹೆಸರೇನಪ್ಪ ಎಂದು ಕೇಳಿದ.

ಗುರುಗಳು ಕತೆಯನ್ನು ಅಷ್ಟಕ್ಕೇ ನಿಲ್ಲಿಸಿದರು. ಮುರಿಗೆಪ್ಪ ಮುಂದೇನಾಯಿತೆಂದು ಕಾಯುತ್ತಿದ್ದ.

"ಪಾಠದ ಹೊತ್ತಿಗೆ ನಿನ್ನ ಹಿಂದೆ ಕೂರುತ್ತಾನಲ್ಲ, ಅವನ ಹೆಸರು ಹೇಳು ನೋಡೋಣ."

ಮುರಿಗೆಪ್ಪ ಬಾಯಿ ತೆರೆದ. ಹೆಸರು ಬರಲಿಲ್ಲ.