ದೊರೆ ಉಂಡ ಒಂದೆಲಗದ ತಂಬುಳಿ

ಒಬ್ಬ ಪಾಳೆಯಗಾರನಿಗೆ ವಿಪರೀತ ಮರೆವು. ಒಂದು ದಿನ ತುಂಬಿದ ಸಭೆಯಲ್ಲಿ ಹೆಂಡತಿಯನ್ನೇ ಪಟ್ಟದಾನೆಯ ಹೆಸರು ಹಿಡಿದು ಕರೆದುಬಿಟ್ಟ. ದೊರೆಸಾನಿ ಮುನಿಸಿಕೊಂಡು ತವರಿಗೆ ನಡೆದಳು.

ಪಾಳೆಯಗಾರ ಅಡುಗೆಯ ನಿಂಗಾಜಮ್ಮನನ್ನು ಕರೆಸಿ, "ಹುಣ್ಣಿಮೆಯೊಳಗೆ ನನಗೆ ನೆನಪು ಬರಬೇಕು. ಇಲ್ಲದಿದ್ದರೆ ನಿನ್ನನ್ನು ಊರು ಬಿಡಿಸುತ್ತೇನೆ" ಎಂದು ಗುಡುಗಿದ.

ನಿಂಗಾಜಮ್ಮನ ಕೇರಿಯಲ್ಲಿ ಬಾವಿ ಇರಲಿಲ್ಲ. ದೂರದ ಹಳ್ಳಕ್ಕೆ ನೀರಿಗೆ ಹೋದಾಗ ಅಲ್ಲಿಂದಲೇ ಒಂದೆಲಗದ ಸೊಪ್ಪು ಕಿತ್ತು ತಂದಳು. ಕಾಯಿತುರಿ, ಮೆಣಸು ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿ ದಿನಾ ತಂಬುಳಿ ಬಡಿಸಿದಳು.

"ತಲೆಗೆ ತಂಪು, ನೆನಪಿಗೆ ಒಳ್ಳೇದು ಅಂತ ನಮ್ಮಜ್ಜಿ ಮಕ್ಕಳಿಗೆಲ್ಲ ಇದನ್ನೇ ಉಣಿಸುತ್ತಿದ್ದಳು ದೊರೆಗಳೇ."

ಹುಣ್ಣಿಮೆಯ ದಿನ ದೊರೆ ಒಂದೇ ಕಾಲಿಗೆ ಪಾದರಕ್ಷೆ ಮೆಟ್ಟಿಕೊಂಡು ಸಭೆಗೆ ಬಂದ. ಮರೆವು ಹೋಗಿಲ್ಲವೆಂದು ನಿಂಗಾಜಮ್ಮನಿಗೆ ಗೊತ್ತಾಯಿತು. ಆದರೂ ಮುಂದೆ ಬಂದು ಕೈಮುಗಿದಳು.

"ಮದ್ದು ನಾಟಿದೆ ದೊರೆಗಳೇ. ನಮ್ಮ ಕೇರಿಗೆ ಬಾವಿ ತೋಡಿಸುತ್ತೇನೆ ಅಂತ ಮಾತು ಕೊಟ್ಟಿದ್ದು ಈಗ ನೆನಪಿಗೆ ಬಂದಿರಬೇಕಲ್ಲ?"

ಅವನು ಅಂಥ ಮಾತು ಕೊಟ್ಟೇ ಇರಲಿಲ್ಲ. ಆದರೆ ಇಲ್ಲ ಎಂದರೆ ಮರೆವು ವಾಸಿಯಾಗಿಲ್ಲ ಎಂದು ಸಭೆಗೆಲ್ಲ ಗೊತ್ತಾಗುತ್ತದೆ.

"ಓಹೋ, ಚೆನ್ನಾಗಿ ನೆನಪಿದೆ!" ಎಂದು ಮೀಸೆ ತಿರುವಿದ.

ಸಭೆಗೆ ದಾರಿ ಸಿಕ್ಕಿತು. "ನನಗೊಂದು ಕುದುರೆ ಕೊಡ್ತೀನಿ ಅಂದಿದ್ರಿ" ಎಂದ ಸೇನಾಪತಿ.

"ನೆನಪಿದೆ!"

"ನನಗೆ ಎರಡು ಎಮ್ಮೆ" ಎಂದರು ಪುರೋಹಿತರು.

"ಅದೂ ನೆನಪಿದೆ!"

"ನನಗೆ ಈ ಕೋಟೆ..." ಎನ್ನುತ್ತ ಕ್ಷೌರಿಕ ಎದ್ದು ನಿಂತ.

ದೊರೆ ಬೆವತು ಸಭೆ ಮುಗಿಸಿದ. ನಿಂಗಾಜಮ್ಮನನ್ನು ಪಕ್ಕಕ್ಕೆ ಕರೆದು, "ನೆನಪು ಅತಿಯಾಯಿತು ತಾಯಿ. ಮರೆಯೋದಕ್ಕೆ ಯಾವುದಾದರೂ ಸೊಪ್ಪಿದೆಯೇ?" ಎಂದು ಪಿಸುಗುಟ್ಟಿದ.

"ಅದಕ್ಕೆ ಸೊಪ್ಪು ಬೇಡ ದೊರೆಗಳೇ. ಬಾವಿ ತೋಡಿಸಿ. ನೀರು ಬಂದ ಮೇಲೆ ಕೊಟ್ಟ ಮಾತು ತೀರಿತು; ನಿಮಗೂ ಮರೆತುಹೋಗುತ್ತೆ, ನಮಗೂ ಮರೆತುಹೋಗುತ್ತೆ."